ಮಂತ್ರಿಯ ಕಣ್ಣು, ಯಜಮಾನರ ಕಣ್ಣು

ಮನೆಯಿಂದ,
ಶನಿವಾರ ಮಧ್ಯಾಹ್ನ

ಪ್ರೀತಿಯ ಯಜಮಾನರಿಗೆ,

(‘ಪ್ರೀತಿಯ’ ಅನ್ನುವುದು ಕೈಗೆ ಅಭ್ಯಾಸವಾಗಿ ಬಂದದ್ದು, ಸದ್ಯಕ್ಕೆ ಅದನ್ನು ನೆಚ್ಚಿಕೊಳ್ಳಬೇಡಿ.) ಕಾಲು ನೋವು ಹೇಗಿದೆ? ಪ್ಲಾಸ್ಟರಿನೊಳಗೆ ಕೆರೆತ ಬಂದರೆ ನಿಮ್ಮ ಅಕ್ಕನ ಹೆಣಿಗೆ ಕಡ್ಡಿ ತೂರಿಸಬೇಡಿ. ಅತ್ತಿಗೆ ಹೊತ್ತುಹೊತ್ತಿಗೆ ಊಟ ಹಾಕುತ್ತಿದ್ದಾರಂತೆ, ಸಂತೋಷ. ಇಲ್ಲಿ ನಾನು ಕ್ಷೇಮ, ನಮ್ಮ ಕುದುರೆ ಮಂತ್ರಿಯೂ ಕ್ಷೇಮ. ಅದು ಇನ್ನೂ ಕೊಟ್ಟಿಗೆಯಲ್ಲೇ ಇದೆ. ಆ ವಿಷಯಕ್ಕೇ ಈ ಕಾಗದ.

“ಒದ್ದ ಕುದುರೆಗೆ ಕಣ್ಣು ಹೋಗಿದೆ, ಸೋಮವಾರ ದಲ್ಲಾಳಿ ಬರ್ತಾನೆ, ಕೊಟ್ಟುಬಿಡು” ಅಂತ ನಿಮ್ಮ ತಮ್ಮನ ಹತ್ತಿರ ಹೇಳಿಕಳಿಸಿದ್ದೀರಿ. ಮಗಳು ಹುಟ್ಟುವ ಮೊದಲಿನಿಂದ ಗಿರಣಿಯ ಹಿಟ್ಟಿನ ಮೂಟೆ ಎಳೆದು ನಮ್ಮನ್ನು ಸಾಕಿದ ಪ್ರಾಣಿ. ದಲ್ಲಾಳಿ ಅದನ್ನು ಸಾಗಿಸುವುದು ಇಟ್ಟಿಗೆ ಗೂಡಿಗೆ, ಬೀಳುವ ತನಕ ದುಡಿಸುವುದಕ್ಕೆ, ನಿಮಗೂ ಗೊತ್ತು. ಅಷ್ಟು ದೊಡ್ಡ ಶಿಕ್ಷೆಗೆ ಮುಂಚೆ ಆರೋಪಿಯ ಕಣ್ಣನ್ನಾದರೂ ಪರೀಕ್ಷಿಸಲಿ ಅಂತ ಪಶುವೈದ್ಯರನ್ನು ಕರೆಸಿದೆ. ಟಾರ್ಚ್ ಬಿಟ್ಟು ನೋಡಿದರು, ಅಂಗಳದಲ್ಲಿ ಬಕೆಟ್ಟು, ಸ್ಟೂಲು, ಏಣಿ ಅಡ್ಡಡ್ಡ ಇಟ್ಟು ನಡೆಸಿದರು. ಮಂತ್ರಿ ಒಂದಕ್ಕೂ ಕಾಲು ತಾಗಿಸದೆ ಬಂದು ಡಾಕ್ಟರ ಜೇಬಿನ ಬಿಸ್ಕತ್ತಿಗೆ ಬಾಯಿ ಹಾಕಿತು.

ಕುದುರೆಯ ಕಣ್ಣು ತಲೆಯ ಎರಡು ಪಕ್ಕಕ್ಕಿರುವುದರಿಂದ ಮೇಯುತ್ತಲೇ ಸುತ್ತಲ ಪ್ರಪಂಚವೆಲ್ಲ ಕಾಣುತ್ತದಂತೆ. ಕೆಂಪು ಬಣ್ಣ ಅಷ್ಟಕ್ಕಷ್ಟೇ. ಮಬ್ಬುಗತ್ತಲಲ್ಲಿ ಮಾತ್ರ ನಮಗಿಂತ ಚುರುಕು. ಕಾಣದ ಜಾಗ ಎರಡೇ: ಹಣೆಯ ಮುಂದೆ ತೀರಾ ಹತ್ತಿರ, ಬಾಲದ ನೇರ ಹಿಂದೆ. ಇಷ್ಟಗಲ ಪ್ರಪಂಚದಲ್ಲಿ ತಾವು ಆರಿಸಿಕೊಂಡು ನಿಂತ ಜಾಗ ಯಾವುದು? ನಿಮ್ಮ ತಮ್ಮ ಎಲ್ಲ ಹೇಳಿದ. ಗಿರಣಿಯಂಗಳದ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, ಹೆಸರೂ ಕೂಗದೆ, ಬಾಲದ ಹತ್ತಿರ ಲಗಾಮು ತಡಕಾಡುತ್ತಿದ್ದಿರಂತೆ. ನನಗೆ ಯಾರಾದರೂ ಹಾಗೆ ಮಾಡಿದ್ದರೆ ಎರಡೂ ಕಾಲು ಮುರಿಯುತ್ತಿದ್ದೆ. ಮಂತ್ರಿ ಒಂದಕ್ಕೇ ಬಿಟ್ಟಿದೆ.

“ಯಜಮಾನರ ಕಣ್ಣು ಹೇಗಿದೆ?” ಅಂತ ಡಾಕ್ಟರು ಕೇಳಿದರು. ನಗುತ್ತಲೇ ನಿಮ್ಮ ಸಾಧನೆ ಬಣ್ಣಿಸಿದೆ: ಈಚೆಗೆ ಕನ್ನಡಕವಿಲ್ಲದೆ ಪೇಪರ್ ಓದುತ್ತಾರೆ, “ಹರೆಯ ವಾಪಸ್ ಬಂದಿದೆ” ಅಂತ ಬೀದಿಗೆಲ್ಲ ಸಾರಿದ್ದಾರೆ. ಅವರು ನಗಲಿಲ್ಲ. ಕಣ್ಣಿನ ಪೊರೆ ಬಲಿಯುವಾಗ ಕೆಲವರಿಗೆ ಸ್ವಲ್ಪ ಕಾಲ ಹತ್ತಿರದ್ದು ಹೀಗೇ ಚೆನ್ನಾಗಿ ಕಾಣುತ್ತದಂತೆ, ದೂರದ್ದು ಮಸುಕಾಗುತ್ತದಂತೆ. ಆಮೇಲೆ ಹತ್ತಿರದ್ದೂ ಹೋಗುತ್ತದಂತೆ. ಆಗ ನನಗೆ ಒಂದೊಂದೇ ನೆನಪಾಯಿತು. ಬೀದಿ ದೀಪಕ್ಕೆಲ್ಲ ಬಳೆ ತೊಡಿಸಿದ್ದಾರೆ ಅಂದಿರಿ. ನನ್ನ ನೀಲಿ ಶಾಲನ್ನು ಬೂದು ಅಂದಿರಿ. “ಎದುರುಮನೆ ದರ್ಜಿಗೆ ಕೈ ಬೀಸಿದೆ, ಅವನು ತಿರುಗಿಯೂ ನೋಡಲಿಲ್ಲ” ಅಂತ ವಾರವಿಡೀ ಮುಖ ಊದಿಸಿಕೊಂಡಿದ್ದಿರಿ. ಅದು ಹಗ್ಗದ ಮೇಲೆ ಒಣಗುತ್ತಿದ್ದ ಅವನ ಅಂಗಿ.

ಈ ಕಾಗದವನ್ನೂ ಕನ್ನಡಕವಿಲ್ಲದೆ ಓದುತ್ತಿದ್ದೀರಿ ಅಂತ ಬೀಗಬೇಡಿ. ಪೊರೆ ಬಂತು ಅಂತಲ್ಲ ನನ್ನ ಸಿಟ್ಟು. ವಯಸ್ಸಾದವರಿಗೆ ಬರುತ್ತದೆ, ಅದರಲ್ಲಿ ಮಾನ ಹೋಗುವಂಥದ್ದೇನಿದೆ? ಬಾಲದಲ್ಲಿ ಲಗಾಮು ಹುಡುಕಿದವರಿಗೆ ತಮ್ಮ ಕಣ್ಣಿನ ಗತಿ ಗೊತ್ತಾಗಿರಲಿಲ್ಲವೇ? ಗೊತ್ತಿದ್ದೂ ನುಂಗಿಕೊಂಡು, ಅದನ್ನು ಬಾಯಿಲ್ಲದ ಪ್ರಾಣಿಯ ತಲೆಗೆ ಕಟ್ಟಿದಿರಲ್ಲ, ಅದು ನನಗೆ ಜೀರ್ಣವಾಗುತ್ತಿಲ್ಲ.

ಅತ್ತಿಗೆಗೆ ನನ್ನ ನಮಸ್ಕಾರ. ನಿಮಗೆ ಈ ಸಲ ಏನೂ ಇಲ್ಲ.

ಇಂತಿ,
ನಿಮ್ಮ ಮನೆಯವಳು

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ದಲ್ಲಾಳಿ ಬಂದ, ಸೋಮವಾರದ ತನಕ ತಡೆಯಲಾರದೆ. “ಕಣ್ಣು ಕಾಣದ್ದು ಎಲ್ಲಿ?” ಅಂದ. ಅಕ್ಕನ ಮನೆಯಲ್ಲಿ ಮಲಗಿದೆ, ಕಾಲೂ ಮುರಿದಿದೆ, ಬೇಕಾದರೆ ಹೊಡೆದುಕೊಂಡು ಹೋಗು ಅಂದೆ. ವಯಸ್ಸು ಕೇಳಿದ. ಅರವತ್ತೆರಡು ಅಂದೆ. ತಂದಿದ್ದ ಹಗ್ಗ ಸುತ್ತಿಕೊಂಡು ಹೊರಟುಹೋದ. ಗುರುವಾರ ಬೆಳಿಗ್ಗೆ ಕಣ್ಣಿನ ಡಾಕ್ಟರು ನಿಮ್ಮನ್ನು ನೋಡುತ್ತಾರೆ, ಹೇಳಿಟ್ಟಿದ್ದೇನೆ. ಗಾಡಿ ಕಟ್ಟಿಕೊಂಡು ನಾನೇ ಬರುತ್ತೇನೆ. ಪಕ್ಕದಿಂದ ಬನ್ನಿ, ದೂರದಿಂದಲೇ ಮಂತ್ರಿಯ ಹೆಸರು ಕೂಗಿ, ಆಮೇಲೆ ಹತ್ತಿ. ಅದು ಆಗಲೇ ಸಿಟ್ಟು ಮರೆತಿದೆ. ನನ್ನ ಸಿಟ್ಟಿನ ವಿಷಯ ನಿಮ್ಮ ಕಣ್ಣಿನ ಆಪರೇಷನ್ ಆದ ಮೇಲೆ ನೋಡೋಣ.