ಫಿಲ್ಟರ್ ಡಬ್ಬಿಯೊಳಗ ಬಿದ್ದ ಎಣ್ಣಿ

ಭೋಜ,
18 ನವೆಂಬರ್ 2024

ಬೇಗಂಬಿ ಆಪಾಗ,

ನಿನ್ನ ತಂಗಿ ತಸ್ಲೀಮಳ ಸಲಾಮು. ಫೋನಿನ್ಯಾಗ ಹೇಳಿದ್ರ ನೀ ನಡುವ ಬಾಯಿ ಹಾಕತಿ, ಇಲ್ಲಾಂದ್ರ ಕಟ್ ಮಾಡತಿ. ಅದಕ್ಕ ಬರದೀನಿ. ಅರ್ಧಕ್ಕ ಹರದು ಒಗೀಬ್ಯಾಡ, ಪೂರ್ತಿ ಓದು.

ಮೊನ್ನಿ ಕುಡಚಿಯೊಳಗ, ನಿನ್ನ ಪಡಸಾಲ್ಯಾಗ, ಬೀಗರೆಲ್ಲಾ ಕುಂತಾಗ ನೀ ಏನಂದಿ? ಟ್ರ್ಯಾಕ್ಟರ್ ತಿಕ್ಕೋ ಕೈಯಾಗ ಕಾರು ಕೊಟ್ಟದ್ದು ನಮ್ಮ ತಪ್ಪು ಅಂದಿ. ಇಂಥಾ ಮನಿಶ್ಯಾ ಮೆಹೆಕನ ನಿಕಾಹಕ್ಕ ವಕೀಲ ಆಗೋದು ಬ್ಯಾಡ, ಬ್ಯಾರೆಯವರನ್ನ ನೋಡತೇವಿ ಅಂದಿ. ನಮ್ಮ ಮನಿಯವರು ಚಹಾದ ಕಪ್ಪು ಹಂಗಾ ಕೆಳಗಿಟ್ಟು ಎದ್ದು ಬಂದ್ರು. ಥೂ ಆಪಾ! ನೀ ನನ್ನ ಒಡಹುಟ್ಟಿದಾಕಿ ಅಂತ ಹೇಳಾಕ ನಂಗ ಹೇಸಿಗಿ ಬಂತು.

ನಿನ್ನ ಮಗಳ ಬಾಯಿಂದ ಒಪ್ಪಿಗಿ ಕೇಳೋ ವಕೀಲ ಖಾಲೂನ, ಅಂದ್ರ ತನ್ನ ಚಿಕ್ಕಪ್ಪ ಇವರ, ಆಗಬೇಕು ಅಂತ ಹಟ ಹಿಡದಾಕಿ ಮೆಹೆಕ. ಸಣ್ಣಾಕಿ ಇದ್ದಾಗ ಇವರ ಟ್ರ್ಯಾಕ್ಟರ್ ಮ್ಯಾಲೆ ಕುಂತು ಊರೆಲ್ಲಾ ತಿರಗಿದಾಕಿ. ಡಿಸೆಂಬರ್ ಒಂದಕ್ಕ, ನಿಕಾಹದ ದಿನ ಹಾಕ್ಕೊಳ್ಳಾಕಂತ ಇವರು ಹೊಲಿಸಿದ ಬಿಳಿ ಜುಬ್ಬಾ ಇನ್ನೂ ಅಂಗಡಿ ಚೀಲದಾಗನ ಐತಿ.

ನಿಮ್ಮ ಡೀಸೆಲ್ ಕಾರು ತಂದು ನಮ್ಮ ಅಂಗಳದಾಗ ನಿಲ್ಲಿಸಿದವರ‍್ಯಾರು? ಶೋರೂಮಿನ್ಯಾಗ ಸುಲೀತಾರ, ಇಬ್ರಾಹಿಮ ಮನ್ಯಾಗ ಸರ್ವಿಸ್ ಮಾಡ್ಲಿ ಅಂದಾಕಿ ನೀನ. ಇವರು ಬ್ಯಾಡ ಅಂದ್ರು. ನಾ ಟ್ರ್ಯಾಕ್ಟರ್ ಮಿಸ್ತ್ರಿ, ನಿಪ್ಪಾಣಿಗೆ ಒಯ್ರಿ ಅಂತ ಎರಡು ಸಲ ಹೇಳಿದ್ರು. ನಿನಗ ಪುಕ್ಕಟೆ ಬೇಕಾಗಿತ್ತು. ಈಗ ಅದ ಕೈ ಹೊಲಸು ಆತು, ಅಲ್ಲಾ?

ಇವರು ಆಯಿಲ್ ಬದಲಿ ಮಾಡಿದ್ದು ಬರೋಬ್ಬರಿ ಇತ್ತು. ಗಾಳಿ ಫಿಲ್ಟರ್ ಝಾಡಿಸಿ, ಅದರ ಡಬ್ಬಿ ತೆರದಿಟ್ಟು ನಮಾಜಿಗೆ ಹೋದ್ರು. ಅಷ್ಟರಾಗ ಡಬ್ಬಿಯೊಳಗ ಎಣ್ಣಿ ಬಿತ್ತು. ಹಳೇ ಟ್ರ್ಯಾಕ್ಟರಿಗೆ ಹಂಗ ಹಾಕತಾರ, ಫಿಲ್ಟರಿನ ಬಟ್ಟಲಾ ಡೀಸೆಲ್‌ನ್ಯಾಗ ತೊಳದು ಹೊಸಾ ಎಣ್ಣಿ ತುಂಬತಾರ, ಧೂಳು ಹಿಡೀಲಿ ಅಂತ. ಕಾರಿನ್ಯಾಗ ಇರೋದು ಕಾಗದದ ಫಿಲ್ಟರ್, ಅಲ್ಲಿ ಒಂದು ಹನಿ ಬೀಳಬಾರದು. ತಿರಿಗಿ ಬಂದವರು ಡಬ್ಬಿಯೊಳಗ ಬಗ್ಗಿ ನೋಡದ ಫಿಲ್ಟರ್ ಇಟ್ಟು, ಮುಚ್ಚಿ, ಚಾಲೂ ಮಾಡಿದ್ರು. ಇಂಜಿನ್ ಆ ಎಣ್ಣೀನ ಜಗ್ಗಿಕೊಂತು. ಯವ್ವಾ, ಅದೇನು ಒದರೋದು! ಚಾವಿ ತಗದು ಕೈಯಾಗ ಹಿಡದ್ರೂ ನಿಲ್ಲವಲ್ದು. ಬಿಳಿ ಹೊಗಿ ಅಡಗಿಮನಿ ತನಕಾ ತುಂಬಿತು. ಕಡೀಕ ಒಳಗ ಏನೋ ಕಟ್ ಅಂತ ಮುರದು ಗಪ್ಪಾತು. ನಿಪ್ಪಾಣಿಯಿಂದ ಬಂದ ಮಿಸ್ತ್ರಿ ಇಂಜಿನ್ ಪೂರಾ ಹೋತು ಅಂದ.

ಇವರು ಆ ಎಣ್ಣಿ ಹಾಕಿದಾಂವ ನಾನ ಅಂತ ನಿಮ್ಮೆಲ್ಲರ ಮುಂದ ಒಪ್ಪಿಕೊಂಡ್ರು. ಮೂವತ್ತು ವರ್ಷ ಮಿಸ್ತ್ರಿಕಿ ಮಾಡಿದವರು ಇಂಥಾ ತಪ್ಪು ಮಾಡತಾರೇನು ಅಂತ ನಿಮ್ಮಾಗ ಒಬ್ಬರರೆ ಕೇಳಿದ್ರ್ಯಾ?

ಮೂರು ವಾರ ಆತು, ನಂಗ ಊಟ ಸೇರವಲ್ದು. ಎಷ್ಟು ಸಾಬೂನು ಹಚ್ಚಿ ತಿಕ್ಕಿದ್ರೂ ಕೈಯಿಂದ ಆ ಸುಟ್ಟ ಎಣ್ಣಿ ವಾಸನಿ ಹೋಗವಲ್ದು. ರೊಟ್ಟಿ ಬಡಿಯೂದು ನಡುವ ಬಿಟ್ಟು ಮತ್ತ ಕೈ ತೊಳ್ಯಾಕ ಹೋಗತೀನಿ. ಇವರು ಮಾತ್ರ ಒಂದು ಮಾತಾಡಂಗಿಲ್ಲ. ಅದರ ಮ್ಯಾಲೂ ನಂಗ ಸಿಟ್ಟು.

ವಕೀಲ ಇವರ ಆಗಬೇಕು. ಮೆಹೆಕನ್ನ ಕೇಳಿ ನೋಡು.

ಸಿಟ್ಟಿನ್ಯಾಗೂ ನಿನ್ನಾಕಿನ,
ತಸ್ಲೀಮ

ತಾ.ಕ.: ಲಕೋಟಿ ಅಂಟಿಸಿದ್ದೆ, ಮತ್ತ ಹರದು ತಗದೀನಿ. ಎಣ್ಣಿ ಹಾಕಿದಾಕಿ ನಾನು. ಇಪ್ಪತ್ತು ವರ್ಷದಿಂದ ನಮ್ಮ ಟ್ರ್ಯಾಕ್ಟರಿನ ಆ ಬಟ್ಟಲಾ ತೊಳದು ತುಂಬೋ ಕೆಲಸ ನಂದು. ಆವತ್ತು ಕಾರಿನ ಡಬ್ಬಿ ತೆರದಿತ್ತು, ಎಣ್ಣಿ ಇರಲಿಲ್ಲ, ಇವರು ಮರತಾರ ಅಂತ ತಂಬಗಿಲೆ ಸುರುವಿದೆ. ಇಂಜಿನ್ ಗಪ್ಪಾದ ಮ್ಯಾಲೆ ಇವರು ಡಬ್ಬಿ ನೋಡಿದ್ರು, ನನ್ನ ಕೈ ನೋಡಿದ್ರು, ನಿಮ್ಮ ಅಕ್ಕತಂಗೇರ ನಡುವ ಇದು ಬರೋದು ಬ್ಯಾಡ, ಸುಮ್ಮನಿರು ಅಂದ್ರು. ನಾ ಸುಮ್ಮನಿದ್ದೆ. ಮೊನ್ನಿ ನೀ ಬೈಯೂಮುಂದನೂ, ಪಕ್ಕದಾಗ ಕುಂತು, ಬಿಸ್ಕೀಟು ತಿಂತಿದ್ದೆ. ಹೇಸಿಗಿ ಬಂದದ್ದು ನಿನ್ನ ಮ್ಯಾಲಲ್ಲ ಆಪಾ. ನಿಕಾಹಕ್ಕ ಬರೋದು ಬ್ಯಾಡ ಅನ್ನೂದಿದ್ರ ನಂಗ ಅನ್ನು. ಆದರ ಇದಿಷ್ಟು ಅದ ಪಡಸಾಲ್ಯಾಗ, ಅದ ಬೀಗರ ಮುಂದ ಓದು, ಆವತ್ತು ಬೈದಷ್ಟ ದೊಡ್ಡ ದನಿಲೆ.