ಎಲೆ ಅಡಿಕೆ ಹಿಡಿದು ಹೋದ ಪ್ರತಿನಿಧಿ

ನಗರಾಡಳಿತ ನಿಯಮ ಸಮಾವೇಶದ ಮಾನ್ಯ ಅಧ್ಯಕ್ಷರೇ,

ಬಾಡಿಗೆದಾರರಿಗೂ ವಾರ್ಡ್ ಸಭೆಯಲ್ಲಿ ಮತ ಇರಲಿ ಎಂದು ಹೇಳಿ ಬನ್ನಿ ಅಂತ ನಾವು ಕಳಿಸಿದ ಪ್ರತಿನಿಧಿ, ನಿಮ್ಮ ಸಮಾವೇಶದಲ್ಲಿ ಅದರ ವಿರುದ್ಧವೇ ಕೈ ಎತ್ತಿ, ಹೋಳಿಗೆ ಊಟ ಮುಗಿಸಿ ಬಂದಿದ್ದಾರೆ. ಇನ್ನು ಮುಂದೆ ಸ್ವಂತ ಮನೆ ಇದ್ದವರಿಗೆ ಮಾತ್ರ ಮತ.

ಪ್ರತಿನಿಧಿಗಳ ನಡವಳಿಕೆಗೆಂದೇ ರಾಜ್ಯ ಸರ್ಕಾರ ಮಾಡಿದ ಕಾಯ್ದೆಯನ್ನು ಕೂತು ಓದಿದೆ. ತಡವಾಗಿ ಬಂದರೆ ನೋಟಿಸ್. ಸಭೆಯಲ್ಲಿ ಮೊಬೈಲ್ ಹಿಡಿದರೆ ಎಚ್ಚರಿಕೆ. ಬ್ಯಾಡ್ಜ್ ಮರೆತರೆ ಒಳಗೇ ಬಿಡುವುದಿಲ್ಲ. ಕಳಿಸಿದವರನ್ನೇ ಮರೆತರೆ? ಒಂದಕ್ಷರವೂ ಇಲ್ಲ! ಪಕ್ಷದ ವಿಪ್ ಮೀರಿದ ಶಾಸಕ ಸ್ಥಾನ ಕಳೆದುಕೊಳ್ಳುತ್ತಾನೆ. ಜನರ ಮಾತು ಮೀರಿದವರಿಗೆ ನೀವು ಶಾಲು ಹೊದಿಸುತ್ತೀರಿ. ಪಕ್ಷದ್ದು ಮಾತು, ನಮ್ಮದು ಬರೀ ಗಾಳಿಯೇ?

ನಮ್ಮ ದಡ್ಡತನವನ್ನೂ ಹೇಳಿಬಿಡುತ್ತೇನೆ. ನಾವು ಕಳಿಸಿದ್ದು ನಮ್ಮ ವಠಾರದ ಓನರ್ ದೊಡ್ಡಮುನಿಯಪ್ಪನವರನ್ನೇ. ಕುರಿ ಕಾಯಲು ತೋಳ ಅಂತ ನಗಬೇಡಿ. ಪಕ್ಕದ ಮನೆಯ ಮುನಿಕೆಂಪಮ್ಮ ಹಳೇ ಊರಿನ ಪದ್ಧತಿಯಂತೆ ಅವರ ಕೈಗೆ ಎಲೆ ಅಡಿಕೆ ಕೊಟ್ಟು, ನನ್ನ ಕಡೆ ತಿರುಗಿ, "ಇದ್ನ ಇಸ್ಕೊಂಡ್ ಮೇಲೆ ಮಾತ್ ತಪ್ಪಂಗಿಲ್ಲ ಕಣ್ ಕುಬ್ರಮ್ಮ, ಸುಮ್ಕಿರು" ಎಂದಿದ್ದರು. ಓನರೂ ಕಣ್ಣಿಗೊತ್ತಿಕೊಂಡು ತೆಗೆದುಕೊಂಡರು. ನಾನು ನಂಬಿದೆ.

ಬಂದ ಮೇಲೆ, "ಏನಣ್ಣ, ಹಿಂಗ್ ಮಾಡ್ಬಿಟ್ರಿ?" ಎಂದು ಕೇಳಿದೆ.

"ಅಲ್ಲಿ ಎಲ್ಲಾ ಮನೆ ಇರೋರೇ ಕಣಮ್ಮ. ನಾನೊಬ್ನೇ ಎಂಗ್ ಎದುರಾಕ್ಕೊಳ್ಲಿ? ಕಾನೂನ್ನಲ್ಲಿ ಏನೂ ತಪ್ಪಿಲ್ವಂತೆ, ಕೇಳ್ಕೊಂಡೇ ಕೈ ಎತ್ತಿದ್ದು."

ತೋಬಾ! ನನ್ನ ಹೊಟ್ಟೆ ಉರಿಯುತ್ತಿದೆ ಸ್ವಾಮಿ. ಮಳೆ ಬಂದರೆ ಮೋರಿ ನೀರು ನನ್ನ ಅಡುಗೆಮನೆಗೇ ನುಗ್ಗುತ್ತದೆ. ಹೋದ ವರ್ಷ ವಾರ್ಡ್ ಸಭೆಯಲ್ಲಿ ಗಂಟಲು ಹರಿದುಕೊಂಡು ಮೋರಿ ಕೆಲಸ ಮಂಜೂರು ಮಾಡಿಸಿದ್ದೆ. ಅದು ಅರ್ಧಕ್ಕೆ ನಿಂತಿದೆ. ಇನ್ನು ಅದನ್ನು ಕೇಳಲು ನಾನು ಯಾರು?

ದೂರು ಕೊಡಲು ನಿಮ್ಮ ಕಚೇರಿಗೂ ಬಂದೆ. ಗುಮಾಸ್ತರು ತಲೆ ಎತ್ತದೆ, "ವಾರ್ಡ್ ಸಭೇಲಿ ಮತ ಇರೋರು ಮಾತ್ರ ದೂರು ಕೊಡ್ಬೋದು ಮೇಡಂ. ಸ್ವಂತ ಮನೆ ಇದ್ಯಾ?" ಎಂದರು. ನನ್ನ ಮತ ಕಿತ್ತುಕೊಂಡರೆಂದು ದೂರಲು ನನಗೆ ಮತ ಇರಬೇಕಂತೆ!

ಸರ್ಕಾರಕ್ಕೆ ಹೇಳಿ ಕಾಯ್ದೆಗೆ ಒಂದು ತಿದ್ದುಪಡಿ ತರಿಸಿ: ಕಳಿಸಿದವರ ಮಾತಿಗೆ ವಿರುದ್ಧ ಎತ್ತಿದ ಕೈ ಲೆಕ್ಕಕ್ಕಿಲ್ಲ, ಆ ಪ್ರತಿನಿಧಿಯ ಸ್ಥಾನವೂ ಇಲ್ಲ. ದೂರುವ ಹಕ್ಕು ಕಳಿಸಿದವರೆಲ್ಲರಿಗೂ ಇರಲಿ. ಉತ್ತರ ಮಾತ್ರ ಬೇಗ ಕೊಡಿ. ನಿಮ್ಮ ಸಮಾವೇಶದ ಪ್ರತಿನಿಧಿಯಾಗಿ ಈ ಪತ್ರವನ್ನು ನಮ್ಮ ಓನರ್ ಕೂಡ ಓದುತ್ತಾರೆ. ಆಮೇಲೆ ಈ ವಿಳಾಸದಲ್ಲಿ ನಾನು ಸಿಗಲಾರೆ.

ಇಂತಿ,
ಸದ್ಯಕ್ಕೆ ಅಮೃತಹಳ್ಳಿಯವಳಾದ
ಕುಬ್ರಾ