ಎಂಟನೇ ನಂಬರಿನ ಜರ್ಸಿ

ಗಂಗಾನಗರ, ಬೆಂಗಳೂರು
ಶುಕ್ರವಾರ, 14 ನವೆಂಬರ್ 2025

ಪ್ರೀತಿಯ ಹುಜೈಫಾ,

ನಿನ್ನ ಅಬ್ಬಾನ ಸಲಾಂ, ಮನಸ್ಸು ತುಂಬ ದುವಾ. ಸೊಂಟದ ನೋವು ಈಗ ಹೇಗಿದೆ? ಕಳೆದ ಸಲ ಬಂದಾಗ ಮೆಟ್ಟಿಲು ಹತ್ತುತ್ತಾ ಗೋಡೆ ಹಿಡಿದುಕೊಳ್ಳುತ್ತಿದ್ದೆ. ಮುದುಕ ನೋಡಲಿಲ್ಲ ಎಂದುಕೊಂಡೆಯಲ್ಲ, ನೋಡಿದೆ. ಹಡಗಿನ ಅಡುಗೆಯವನು ಈಗಲಾದರೂ ಅನ್ನವನ್ನು ಬೇಯಿಸಿ ಬಡಿಸುತ್ತಿದ್ದಾನೆಯೇ? ನನ್ನ ವಿಷಯ ಕೇಳಬೇಡ, ಸಕ್ಕರೆ ಏರಿದೆ. ತಾಹೆರಾ ನನ್ನ ಚಹಾಕ್ಕೆ ಸಕ್ಕರೆ ಹಾಕುವುದನ್ನೇ ನಿಲ್ಲಿಸಿದ್ದಾಳೆ. ಅದನ್ನು ನಾನು ವಾಜಿದ್‌ನ ಟೀ ಅಂಗಡಿಯಲ್ಲಿ ಸರಿದೂಗಿಸಿಕೊಳ್ಳುತ್ತೇನೆ, ನೀನು ನಿನ್ನ ಹೆಂಡತಿಗೆ ಹೇಳಲು ಹೋಗಬೇಡ.

ನೀನು ಹೂಳೆತ್ತುವ ಹಡಗು ಹತ್ತಿದರೆ ದಡಕ್ಕೆ ಬರುವವರೆಗೂ ಫೋನಿಗೆ ಸಿಗುವುದಿಲ್ಲ. ಅದಕ್ಕೇ ಈ ಕಾಗದ. ಕಾರವಾರದ ರೂಮಿಗೆ ಬಂದು ಬಾಗಿಲ ಹತ್ತಿರ ಬಿದ್ದಿರಲಿ, ನೀನು ಬಂದಾಗ ಓದು. ಮನೆಯಲ್ಲಿ ದಖ್ನಿ ಉರ್ದುವಿನಲ್ಲಿ ಎಷ್ಟು ಜಗಳವಾಡಿದರೂ ಕಾಗದ ಮಾತ್ರ ಕನ್ನಡದಲ್ಲೇ ಆಗಬೇಕು. ನಿನಗೆ ಉರ್ದು ಓದಲು ಬಾರದು, ನನಗೆ ಇಂಗ್ಲಿಷ್ ಬರೆಯಲು ಬಾರದು. ನಿನ್ನ ಅಮ್ಮಿ ಬದುಕಿದ್ದಾಗ ನಮ್ಮಿಬ್ಬರಿಗೂ ಸೇರಿಸಿ ಬೈಯುತ್ತಿದ್ದಳು. ಈಗ ಬೈಯುವವರೂ ಇಲ್ಲ.

ಮೊದಲು ಊರೆಲ್ಲ ಮಾತಾಡುವ ಸುದ್ದಿ ಹೇಳುತ್ತೇನೆ. ನಿನ್ನ ಮಗನ ಫುಟ್‌ಬಾಲ್ ತಂಡ, ನಮ್ಮ ಗಂಗಾನಗರ ಬ್ರದರ್ಸ್, ಫೈನಲ್ ಸೇರಿದೆ! ನೀನು ಹಡಗು ಹತ್ತುವಾಗ ಎರಡೋ ಮೂರೋ ಗೆದ್ದಿದ್ದರು, ಆಕಸ್ಮಿಕ ಎಂದು ನಾವಿಬ್ಬರೂ ನಕ್ಕಿದ್ದೆವು. ಆಮೇಲೆ ಒಂದೂ ಸೋತಿಲ್ಲ. ಹೆಬ್ಬಾಳದವರನ್ನು ಸೋಲಿಸಿದರು, ಯಶವಂತಪುರದವರನ್ನು ಅವರ ಮೈದಾನದಲ್ಲೇ ಸೋಲಿಸಿದರು. ಪ್ರತಿ ವರ್ಷ ಮೊದಲ ಸುತ್ತಿಗೇ ಚೀಲ ಕಟ್ಟಿಕೊಂಡು ಬರುತ್ತಿದ್ದ ಹುಡುಗರು ಭಾನುವಾರ ಯಲಹಂಕದ ತಂಡದ ಎದುರು ಕಪ್ಪಿಗಾಗಿ ಆಡುತ್ತಾರೆ. ಇಷ್ಟಕ್ಕೂ ಕಾರಣ ನಡುಮೈದಾನದಲ್ಲಿ ನಿಂತು ಆಟ ನಡೆಸುವ ಎಂಟನೇ ನಂಬರಿನವನು, ನಿನ್ನ ಸಾಕಿಬ್.

ನಿಲ್ಲುತ್ತಾನೆ ಎಂದೇ ಬರೆದೆ, ಓಡುತ್ತಾನೆ ಎಂದಲ್ಲ. ಈ ವರ್ಷ ಅವನ ಆಟವೇ ಬೇರೆಯಾಗಿದೆ. ಮದುವೆಮನೆಗೆ ಬಂದ ಬೀಗರ ಹಾಗೆ ನಡುವೆ ನಿಂತಿರುತ್ತಾನೆ. ಎತ್ತರದ ಚೆಂಡಿಗೆ ತಲೆ ಕೊಡುವುದಿಲ್ಲ, ಎದೆಯ ಮೇಲೆ ಇಳಿಸಿಕೊಳ್ಳುತ್ತಾನೆ, ಇಲ್ಲವಾದರೆ ಬಿಟ್ಟೇ ಬಿಡುತ್ತಾನೆ. ಕತ್ತು ಯಾವಾಗಲೂ ಎಡಕ್ಕೆ ತಿರುಗಿರುತ್ತದೆ. ಎದುರಾಳಿಗಳು ಚೆಂಡು ಎಡಗಡೆಗೇ ಹೋಗುತ್ತದೆಂದು ಅತ್ತ ಓಡುತ್ತಾರೆ, ಇವನು ನೋಡದೆಯೇ ಬಲಗಡೆಗೆ ತಳ್ಳುತ್ತಾನೆ. ಅಲ್ಲಿ ನಮ್ಮ ಹುಡುಗ ಒಬ್ಬನೇ ಇರುತ್ತಾನೆ, ಗೋಲು. ಜನ ಅವನಿಗೆ ಸೊಟ್ಟ ಸಾಕಿಬ್ ಎಂದು ಹೆಸರಿಟ್ಟಿದ್ದಾರೆ. ನಮ್ಮ ಬೀದಿಯ ಮಕ್ಕಳು ಕತ್ತು ಸೊಟ್ಟ ಮಾಡಿಕೊಂಡು ಸ್ಕೂಲಿಗೆ ಹೋಗುತ್ತಾರೆ. ತಾಹೆರಾ ಆ ಮಕ್ಕಳನ್ನು ಬಾಯಲ್ಲಿ ಗದರಿಸುತ್ತಾಳೆ, ಒಳಗೆ ಬಂದು ಸೆರಗು ಅಡ್ಡ ಹಿಡಿದು ನಗುತ್ತಾಳೆ.

ವಾಜಿದ್‌ನ ಅಂಗಡಿ ಎರಡು ಪಕ್ಷವಾಗಿ ಒಡೆದುಹೋಗಿದೆ. ಒಂದಕ್ಕೆ ದಾಸಪ್ಪ ನಾಯಕ. ನಮ್ಮ ಮೈದಾನ ರಾಗಿ ಹೊಲವಾಗಿದ್ದಾಗ ಅಲ್ಲಿ ದನ ಕಾಯುತ್ತಿದ್ದನಲ್ಲ, ಅದೇ ದಾಸಪ್ಪ. "ಇಂಗೆ ಆಡೋನ್ನ ನಾನ್ ಎಲ್ಲೂ ಕಂಡಿಲ್ಲ ಕಣೋ ಜಿಯಾ, ಅತ್ಲಾಗ್ ನೋಡ್ತಾನೆ, ಇತ್ಲಾಗ್ ಕೊಡ್ತಾನೆ" ಎಂದು ಬೆಂಚು ಗುದ್ದುತ್ತಾನೆ. ಹುಡುಗರಲ್ಲಿ ಕೆಲವರು "ಮೈಂಡ್ ಗೇಮ್ ಮಚ್ಚಾ" ಎನ್ನುತ್ತಾರೆ, ಇನ್ನು ಕೆಲವರು "ಬರೀ ಲಕ್ ಮಗಾ, ಒಂದ್ ಒಳ್ಳೆ ಟೀಮ್ ಸಿಗ್ಲಿ, ಗೊತ್ತಾಗತ್ತೆ" ಎನ್ನುತ್ತಾರೆ. ಎದುರು ಪಕ್ಷದ ನಾಯಕ ನಾನು. ನಗಬೇಡ. ಇಪ್ಪತ್ತು ವರ್ಷ ಲೀಗ್ ಪಂದ್ಯಗಳಿಗೆ ಲೈನ್ಸ್‌ಮನ್ ಆಗಿ ಬಾವುಟ ಹಿಡಿದವನು ನಾನು. ಆಟಗಾರನಾದವನು ಓಡಬೇಕು, ಕತ್ತೆತ್ತಿ ನೋಡಬೇಕು, ಚೆಂಡು ಮೇಲಿಂದ ಬಂದರೆ ತಲೆ ಕೊಡಬೇಕು. ಸ್ವಂತ ಮೊಮ್ಮಗನಾದರೇನು, ಅದು ಆಟವಲ್ಲ ಸೋಗು ಎಂದು ಮುಖಕ್ಕೆ ಹೊಡೆದಂತೆ ಹೇಳಿದೆ. ಪ್ರತಿ ಸಲ ಗೆದ್ದು ಬಂದು ಅವನು ನನ್ನ ಪಕ್ಕದಲ್ಲೇ ಕೂತು ಚಹಾ ಕುಡಿಯುತ್ತಿದ್ದ. ಒಂದು ಮಾತೂ ಎದುರಾಡಲಿಲ್ಲ. ಗೆದ್ದವನು ಹಾಗೆ ಸುಮ್ಮನಿದ್ದದ್ದನ್ನು ನೋಡಿಯಾದರೂ ನನಗೆ ಅನುಮಾನ ಬರಬೇಕಿತ್ತು.

ಹುಜೈಫಾ, ಇನ್ನು ಮುಂದಿನದನ್ನು ಕೂತು ಓದು. ಸೆಮಿಫೈನಲ್ ಗೆದ್ದ ಸಂಜೆ ನಾವಿಬ್ಬರೂ ತಾರಸಿಯಲ್ಲಿದ್ದೆವು. ನಾನು ಸೀಬೆಹಣ್ಣು ಕೊಯ್ದು, ಉಪ್ಪು ಖಾರ ಸವರಿ, ಒಂದು ಹೋಳನ್ನು ಅವನಿಗೆ ಚಾಚಿದೆ. ಅವನ ಎಡಗಡೆ ಕೂತಿದ್ದೆ. ಅವನು ಪಂದ್ಯದ ಬಗ್ಗೆ ಹೇಳುತ್ತಲೇ ಇದ್ದ, ಹೋಳು ತೆಗೆದುಕೊಳ್ಳಲಿಲ್ಲ. ಮುದುಕನನ್ನು ಆಡಿಸುತ್ತಿದ್ದಾನೆ ಎಂದುಕೊಂಡು ಕೈ ಹಾಗೇ ಹಿಡಿದಿದ್ದೆ. ಕೈ ಸೋತು ಮುಂದಕ್ಕೆ ಸರಿಸಿದಾಗ ಬೆಚ್ಚಿಬಿದ್ದು ತೆಗೆದುಕೊಂಡ. ಬಾವುಟ ಹಿಡಿದವನಿಗೆ ಚೆಂಡಿಗಿಂತ ಆಟಗಾರರ ಕಣ್ಣು ನೋಡುವುದೇ ಅಭ್ಯಾಸ. ಇನ್ನೊಂದು ಹೋಳನ್ನು ಅದೇ ಜಾಗದಲ್ಲಿ ಹಿಡಿದೆ. ಅವನ ಎಡಗಣ್ಣು ಅಲ್ಲಾಡಲೇ ಇಲ್ಲ.

ಕೇಳಿದೆ. ಮೊದಲು ನಕ್ಕ, ಆಮೇಲೆ ತಲೆ ತಗ್ಗಿಸಿದ. ಹೋದ ಮಳೆಗಾಲದ ಪಂದ್ಯವೊಂದರಲ್ಲಿ ಮುಖಕ್ಕೆ ಚೆಂಡು ಬಡಿದಿತ್ತಲ್ಲ, ಊದಿಕೊಂಡಿದೆ ಎಂದು ತಾಹೆರಾ ಅರಿಶಿನ ಹಚ್ಚಿದ್ದಳಲ್ಲ, ಅಂದಿನಿಂದ ಎಡಗಣ್ಣು ಮಸುಕಾಗುತ್ತಾ ಬಂದು ಈಗ ಪೂರ್ತಿ ಹೋಗಿದೆಯಂತೆ. ಕತ್ತು ಸೊಟ್ಟ ಮಾಡುವುದು ಸೋಗೂ ಅಲ್ಲ, ಜಾದೂನೂ ಅಲ್ಲ. ಇರುವ ಒಂದು ಕಣ್ಣನ್ನು ನಡುವೆ ತರಲು ಹಾಗೆ ತಿರುಗಿಸುತ್ತಾನೆ. ಮತ್ತೆ ಪಾಸ್ ಹೇಗೆ ಕೊಡುತ್ತೀ ಎಂದೆ. "ನಮ್ಮ್ ಹುಡುಗರು ಕೂಗ್ತಾರಲ್ಲ ದಾದಾ, ಕೂಗಿದ ಕಡೆ ಕೊಡ್ತೀನಿ. ಯಾರಾದ್ರೂ ಒಂದ್ ಸಲ ಕರೆದ್ರೆ ಸಾಕು" ಎಂದ.

ಇನ್ನೂ ಇದೆ. ಯಾರಿಗೂ ತಿಳಿಸದೆ ಒಬ್ಬನೇ ಕಣ್ಣಾಸ್ಪತ್ರೆಗೆ ಹೋಗಿ ಬಂದಿದ್ದಾನೆ. ಬಲಗಣ್ಣಿನ ಒಳಪರದೆಯೂ ಒಂದು ಕಡೆ ಹರಿದಿದೆಯಂತೆ. ಬೇಗ ಲೇಸರ್ ಮಾಡಿಸಿ ಆಟ ಬಿಟ್ಟರೆ ಈ ಕಣ್ಣು ಉಳಿಯುತ್ತದೆ, ತಲೆಗೊಂದು ಪೆಟ್ಟು ಬಿದ್ದರೆ ಇದೂ ಹೋಗಬಹುದು ಎಂದು ಡಾಕ್ಟರಮ್ಮ ಬೈದು ಕಳುಹಿಸಿದರಂತೆ. ಇವನು ಫೈನಲ್ ಆದ ಮೇಲೆ ಬರುತ್ತೇನೆ ಎಂದು ಹೇಳಿ ಬಂದಿದ್ದಾನೆ! ಅವರಿಗೆ ಯಾವ ಫೈನಲ್ ಎಂದು ಎಲ್ಲಿ ಅರ್ಥವಾಗಿರುತ್ತದೆ? ಬೋರ್ಡ್ ಪರೀಕ್ಷೆ ಎಂದುಕೊಂಡಿರಬೇಕು ಪಾಪ.

ಬೈದೆ, ಬೇಡಿಕೊಂಡೆ. ಕೊನೆಗೆ ಅತ್ತೆ, ಹೇಳಿಕೊಳ್ಳಲು ನಾಚಿಕೆಯಿಲ್ಲ. ಅವನು ನನ್ನ ಕೈಯನ್ನು ಎತ್ತಿ ತನ್ನ ತಲೆಯ ಮೇಲೆ ಇಟ್ಟುಕೊಂಡ. "ಆಟ ಹೆಂಗಿದ್ರೂ ಮುಗೀತು ದಾದಾ. ಇದೊಂದ್ ಫೈನಲ್ ಆಡ್ಬಿಡ್ತೀನಿ. ಟೀಮಿಗೆ ಹೇಳಲ್ಲ, ಅಮ್ಮಿಗೆ ಹೇಳಲ್ಲ ಅಂತ ಮಾತ್ ಕೊಡಿ" ಎಂದ. ವರ್ಕ್‌ಶಾಪಿನಲ್ಲಿ ಬೈಕಿನ ಕೆಳಗೆ ಮಲಗಿ ಎಣ್ಣೆ ಒರೆಸಿಕೊಳ್ಳುವವನನ್ನು ಊರು ಮೊದಲ ಸಲ ಹೆಸರು ಹಿಡಿದು ಕೂಗುತ್ತಿದೆ. ಅದನ್ನು ಇನ್ನೊಂದು ಸಲ ಕೇಳಬೇಕೆಂದು ಆಸೆ. ಅವನ ತಲೆ ಬಿಸಿಯಾಗಿತ್ತು, ಚಿಕ್ಕವನಿದ್ದಾಗ ಜ್ವರ ಬಂದರೆ ಇರುತ್ತಿದ್ದ ಹಾಗೆ. ಮಾತು ಕೊಟ್ಟುಬಿಟ್ಟೆ. ನಿನ್ನ ಹೆಸರು ಅವನು ಎತ್ತಲಿಲ್ಲ, ನೀನು ನೀರಿನ ಮೇಲಿರುವುದರಿಂದ ಮರೆತಿರಬೇಕು. ಅದಕ್ಕೇ ನಿನಗೆ ಬರೆಯುತ್ತಿದ್ದೇನೆ.

ಈಗ ನನ್ನ ಸಂಕಟ ಏನೆಂದು ಹೇಳುತ್ತೇನೆ. ನಮ್ಮ ಕ್ಲಬ್ಬಿನ ಪದ್ಧತಿ ನಿನಗೆ ಗೊತ್ತು. ಬೇರೆ ಪಂದ್ಯಕ್ಕೆ ಹುಡುಗರು ಚೀಲದಿಂದ ತಾವೇ ಜರ್ಸಿ ಎತ್ತಿಕೊಳ್ಳುತ್ತಾರೆ. ಫೈನಲ್ಲಿಗೆ ಮಾತ್ರ ಹಿಂದಿನ ಸಂಜೆ ಕ್ಲಬ್ಬಿನ ಕೋಣೆಯಲ್ಲಿ ಸಾಲಾಗಿ ನಿಲ್ಲಬೇಕು, ಕತ್ತು ನೆಟ್ಟಗಿರಬೇಕು, ಎರಡೂ ಕೈ ಮುಂದೆ ಚಾಚಿರಬೇಕು. ಎಲ್ಲರಿಗಿಂತ ಹಿರಿಯನಾದವನು ಒಬ್ಬೊಬ್ಬರಿಗೂ ಜರ್ಸಿ ಕೊಡುತ್ತಾ ಹೋಗಬೇಕು. ಮುಗಿಯುವವರೆಗೆ ಯಾರೂ ಮಾತಾಡುವಂತಿಲ್ಲ. ಆ ಕೈಯಿಂದ ಜರ್ಸಿ ಸಿಗದವನು ಆಡುವಂತಿಲ್ಲ. ನಮ್ಮ ಹತ್ತಿರ ಫೈನಲ್ ಎಂಬುದೇ ಅಪರೂಪವಾದ್ದರಿಂದ ಅದು ಮರೆತೇಹೋಗಿತ್ತು. ಈಗ ಎಲ್ಲರಿಗೂ ಹಿರಿಯ ನಾನು. ಕೋಚ್ ಮುರುಗೇಶ್ ನಿನ್ನೆ ಮನೆಗೇ ಬಂದು, "ಶನಿವಾರ ಸಾಯಂಕಾಲ ನೀವೇ ಬರ್ಬೇಕು ಸಾಬ್, ನಿಮ್ಮ್ ಕೈ ಒಳ್ಳೇದು" ಎಂದು ಕರೆದು ಹೋದ. ತಾಹೆರಾ ನನ್ನ ಬಿಳಿ ಶೇರ್ವಾನಿಗೆ ಇಸ್ತ್ರಿ ಹಾಕಿಸಿ ತಂದಿದ್ದಾಳೆ. ಅವಳ ಮುಖದಲ್ಲಿರುವ ಸಂತೋಷ ನೋಡಲಾಗದೆ ನಾನು ಎರಡು ದಿನದಿಂದ ಮಸೀದಿಯಲ್ಲೇ ಹೆಚ್ಚು ಹೊತ್ತು ಕೂರುತ್ತಿದ್ದೇನೆ.

ಕೊಟ್ಟರೆ ಆ ಹುಡುಗನನ್ನು ನಾನೇ ಕತ್ತಲೆಗೆ ತಳ್ಳಿದಂತೆ. ಯಲಹಂಕದವರು ಮೊಣಕೈ ಬೀಸುವುದರಲ್ಲಿ ಹೆಸರುವಾಸಿ. ಕೊಡದಿದ್ದರೆ ಕಾರಣ ಹೇಳಬೇಕು, ಹೇಳಿದರೆ ಅವನ ತಲೆ ಮುಟ್ಟಿ ಕೊಟ್ಟ ಮಾತು ಹೋಯಿತು. ಹುಷಾರಿಲ್ಲವೆಂದು ನಾನು ಮನೆಯಲ್ಲೇ ಮಲಗಿದರೆ ನನ್ನ ನಂತರ ಹಿರಿಯನಾದ ದಾಸಪ್ಪ ಕೊಡುತ್ತಾನೆ, ಕುಣಿಯುತ್ತಾ ಕೊಡುತ್ತಾನೆ. ಅಂಗಡಿಯಲ್ಲಿ ಅಷ್ಟು ವಾದ ಮಾಡಿದ ನಾನು ಈಗ ಅಲ್ಲಿ ಹೋಗಿ ಬಾಯಿ ಬಿಡದೆ ಕೂರುತ್ತೇನೆ. ಸೋತೆನೆಂದು ಎಲ್ಲರೂ ನಗುತ್ತಾರೆ. ಮುದುಕನಿಗೆ ಮೊಮ್ಮಗನ ಆಟ ಕೊನೆಗೂ ಅರ್ಥವಾಯಿತು ಎನ್ನುತ್ತಾರೆ. ಅರ್ಥವಾಗಿದ್ದೇನೋ ನಿಜ.

ಈ ಕಾಗದ ನಿನ್ನ ಕೈಗೆ ಸಿಗುವ ಹೊತ್ತಿಗೆ ಏನಾಗಬೇಕೋ ಅದು ಆಗಿಹೋಗಿರುತ್ತದೆ. ಆದ್ದರಿಂದ ನಿನ್ನ ಸಲಹೆ ಕೇಳುತ್ತಿಲ್ಲ. ಒಬ್ಬನೇ ಹೊರಲಾಗಲಿಲ್ಲ, ಅಷ್ಟೇ. ನಾಳೆ ಬೆಳಗ್ಗೆ ಪೋಸ್ಟಿಗೆ ಹಾಕುತ್ತೇನೆ. ಸೊಂಟಕ್ಕೆ ಬಿಸಿ ಶಾಖ ಕೊಡು, ಭಾರ ಎತ್ತಬೇಡ. ತಾಹೆರಾ ಸಲಾಂ ಹೇಳಿದ್ದಾಳೆ. ದಾಸಪ್ಪನೂ ಕೇಳಿದ್ದಾನೆ, ಮಗನ ಆಟ ನೋಡದೆ ಸಮುದ್ರದಲ್ಲಿ ಏನು ಮಾಡುತ್ತಿದ್ದಾನಂತೆ ಎಂದು. ಅಲ್ಲಾಹ್ ನಿನ್ನನ್ನು ನೀರಿನಿಂದ ನೆಲಕ್ಕೆ ಸುಖವಾಗಿ ಇಳಿಸಲಿ.

ನಿನ್ನ ಅಬ್ಬಾ,
ಜಿಯಾವುಲ್ಲಾ

ತಾ.ಕ. ಶನಿವಾರ. ಬೆಳಗ್ಗೆ ಪೋಸ್ಟಿಗೆ ಹಾಕಲು ಮನಸ್ಸಾಗಲಿಲ್ಲ. ಈಗಷ್ಟೇ ಕ್ಲಬ್ಬಿನಿಂದ ಬಂದೆ. ಮುರುಗೇಶ್ ಊದುಬತ್ತಿ ಹಚ್ಚಿದ್ದ, ದಾಸಪ್ಪನೂ ನೋಡಲು ಬಂದಿದ್ದ, ಚಪ್ಪಲಿ ಎಲ್ಲರೂ ಹೊರಗೆ ಬಿಟ್ಟಿದ್ದೆವು. ಸಾಕಿಬ್ ಸಾಲಿನ ಕೊನೆಯಲ್ಲಿದ್ದ, ಪದ್ಧತಿಯಂತೆ ಕತ್ತು ನೆಟ್ಟಗೆ, ಎರಡೂ ಕೈ ಮುಂದೆ. ಉಳಿದವರಿಗೆಲ್ಲ ಕೊಟ್ಟೆ. ಅವನ ಹತ್ತಿರ ಬಂದಾಗ ಕಾಲು ತಾನಾಗಿ ಅವನ ಎಡಕ್ಕೆ ಹೋಯಿತು. ಎಂಟನೇ ನಂಬರಿನ ಜರ್ಸಿಯನ್ನು ಅವನ ಎಡಭುಜದ ಪಕ್ಕ ಹಿಡಿದು ನಿಂತೆ. ಬಾಯಿ ಬಿಡಲಿಲ್ಲ, ಮಾತು ತಪ್ಪಲಿಲ್ಲ. ಅವನು ಖಾಲಿ ಕೈ ಚಾಚಿಕೊಂಡು ಗೋಡೆ ನೋಡುತ್ತಾ ನಗುಮುಖದಲ್ಲಿ ಕಾಯುತ್ತಲೇ ಇದ್ದ. ಹುಡುಗರೆಲ್ಲ ಜರ್ಸಿ ನೋಡಿದರು, ಅವನ ಕಣ್ಣು ನೋಡಿದರು. ಮೊದಲು ಬಾಯಿ ಬಿಟ್ಟವನು ದಾಸಪ್ಪ, "ಅಯ್ಯೋ, ಮಗೀಗೆ ಕಾಣ್ತಿಲ್ವಲ್ಲೋ ಜಿಯಾ" ಎಂದು. ಆಗ ಸಾಕಿಬ್ ಪೂರ್ತಿ ಮೈ ತಿರುಗಿಸಿದ. ಜರ್ಸಿ ನೋಡಿದ, ಆಮೇಲೆ ನನ್ನನ್ನು ನೋಡಿದ.

ನಾಳೆ ಅವನು ಆಡುವುದಿಲ್ಲ. ಸೋಮವಾರ ಮುರುಗೇಶ್ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಾನೆ. ನಾನು ಜೊತೆಗೆ ಬರುವುದು ಬೇಡವಂತೆ. ಕಾಗದ ಸಿಕ್ಕ ದಿನವೇ ಬಸ್ ಹತ್ತು, ಮನೆಯಲ್ಲಿ ಅವನು ಮಾತಾಡಲು ಯಾರಾದರೂ ಬೇಕು. ತಾಹೆರಾ ಅಡುಗೆಮನೆಯಿಂದ ಹೊರಗೆ ಬಂದಿಲ್ಲ. ನನ್ನ ಹತ್ತಿರ ಅವನು ಆಡಿದ್ದು ಒಂದೇ ಮಾತು, ಅದೂ ಅಲ್ಲೇ, ಎಲ್ಲರ ಎದುರು, ಮೆಲ್ಲಗೆ:

"ಒಂದ್ ಸಲ ಕರೀಬಹುದಿತ್ತಲ್ಲ ದಾದಾ."